ಮಲಾರಿಯ ಕಾಡು ಈರುಳ್ಳಿ ನೋಡಲು ಹೋಗ್ತೀರಾ? ಪೇಟೆಯ ಪೊಟ್ಟಣ ಬೇಡ

ಉತ್ತರಾಖಂಡದ ಜೋಶಿಮಠದ ಪೇಟೆಯಲ್ಲಿ ಯಾರಾದರೂ ‘ಅಸಲಿ ಫರಣ್’, ಅಂದರೆ ಒಗ್ಗರಣೆಗೆ ಹಾಕುವ ಒಣ ಕಾಡು ಈರುಳ್ಳಿ, ಅಂತ ಪೊಟ್ಟಣ ಮುಂದೆ ಹಿಡಿದರೆ ಸುಮ್ನೆ ಮುಂದೆ ನಡೆಯಿರಿ. ನನಗೆ ಕೊಟ್ಟಿದ್ದರಲ್ಲಿ ಅರ್ಧ ಬರೀ ಒಣಹುಲ್ಲು. ಬೆರಳಲ್ಲಿ ತಿಕ್ಕಿ ಮೂಸಿದರೆ ಧೂಳಿನ ವಾಸನೆ. ಬೆಲೆಯಂತೂ ಕೇಳಬೇಡಿ.

ನಾನು ಹೊರಟಿದ್ದು ಆಲಿಯಂ ನೇಗಿಯಾನಮ್ ಬೆಳೆಯುವ ಜಾಗ ನೋಡಲು. 2019ರಲ್ಲಿ ಉತ್ತರಾಖಂಡದ ನೀತಿ ಕಣಿವೆಯ ಮಲಾರಿ ಬಳಿ ಸಿಕ್ಕ ಈ ಕಾಡು ಈರುಳ್ಳಿಯನ್ನು 2021ರಲ್ಲಿ ಹೊಸ ಪ್ರಭೇದ ಅಂತ ದಾಖಲಿಸಿದರು. ಈರುಳ್ಳಿ ಜಾತಿಯ ಗಿಡಗಳನ್ನು ಹುಡುಕಿ ಸಂಗ್ರಹಿಸಿದ ಡಾ. ಕುಲದೀಪ್ ಸಿಂಗ್ ನೇಗಿ ಅವರ ಹೆಸರಿಟ್ಟರು. ಊರವರು ಮಾತ್ರ ಅದಕ್ಕೂ ಎಷ್ಟೋ ಮೊದಲಿನಿಂದ ಜಂಬು, ಫರಣ್ ಅಂತ ಕರೆದು ಒಗ್ಗರಣೆಗೆ ಹಾಕುತ್ತಿದ್ದರು.

ಋಷಿಕೇಶದಿಂದ ಜೋಶಿಮಠದವರೆಗೆ ಸುಮಾರು 250 ಕಿ.ಮೀ. ಬದರಿಗೆ ಹೋಗುವವರ ಗಾಡಿಗಳ ಸಾಲು ನನ್ನಂಥ ಜನಜಂಗುಳಿ ಆಗದವರಿಗೆ ಶಿಕ್ಷೆಯೇ. ಯಾತ್ರೆಯ ಸಮಯದಲ್ಲಿ ಜೋಶಿಮಠದ ರೂಮುಗಳಿಗೂ ಬಾಯಿಗೆ ಬಂದಷ್ಟು ಬಾಡಿಗೆ. ಬಿಸಿನೀರು ಇದೆ ಅಂದವರು ಬೆಳಗ್ಗೆ ಬಕೆಟ್ಟಿಗೆ ಬೇರೆ ದುಡ್ಡು ಕೇಳಿದರು! ಅಲ್ಲಿಂದ ಮಲಾರಿಗೆ 60 ಕಿ.ಮೀ. ಆಸುಪಾಸು. ಶೇರ್ ಜೀಪು ತುಂಬುವ ತನಕ ಹೊರಡಲ್ಲ, ತುಂಬಿದ ಮೇಲೂ ಇನ್ನಿಬ್ಬರನ್ನು ತುರುಕುತ್ತಾರೆ. ಬೆಳಗ್ಗೆಯೇ ಹೋಗಿ ಮುಂದಿನ ಸೀಟು ಹಿಡಿಯಿರಿ. ತಪೋವನ ದಾಟಿದರೆ ರೈಣಿ. 1974ರ ಚಿಪ್ಕೋ ಚಳವಳಿಯ ಊರು. 2021ರ ಪ್ರವಾಹ ಇಲ್ಲಿನ ಸೇತುವೆಯನ್ನೇ ಕೊಚ್ಚಿಕೊಂಡು ಹೋಗಿತ್ತು. ಮಳೆ ಜೋರಿದ್ದಾಗ ಈ ದಾರಿಗೆ ಬರಲೇಬೇಡಿ.

ಮಲಾರಿಯ ಪುಟ್ಟ ಊಟದ ಮನೆಯೊಂದನ್ನು ಮಾತ್ರ ಮರೆಯೋಕಾಗಲ್ಲ. ಬೋರ್ಡಿಲ್ಲ, ಒಂದೇ ಬೆಂಚು. ಅಲ್ಲಿನ ಅಮ್ಮ ರಾಜ್ಮಾ ಬೇಯಿಸಿಟ್ಟು, ಸೌಟಿನಲ್ಲಿ ತುಪ್ಪ ಕಾಯಿಸಿ, ನಾಲ್ಕೇ ಎಳೆ ಒಣ ಫರಣ್ ಹಾಕಿದರು. ಚಟಪಟ ಅಂದು ಉಬ್ಬಿ ಕಂದಾಯಿತು. ಅಷ್ಟರಲ್ಲಿ ಸೌಟು ಪಾತ್ರೆಯೊಳಗೆ! ಒಂದು ಗಳಿಗೆ ತಡವಾದರೆ ಕಹಿ ಬರುತ್ತಂತೆ. ಬೆಳ್ಳುಳ್ಳಿಯ ಘಾಟಿದೆ, ಇಂಗಿನ ಗತ್ತೂ ಇದೆ. ಮೂರು ಸಲ ಅನ್ನ ಹಾಕಿಸಿಕೊಂಡೆ. ಜೋಶಿಮಠದಲ್ಲಿ ಒಂದು ಪರಾಠೆಗೆ ಕೊಟ್ಟಷ್ಟೂ ಆಗಲಿಲ್ಲ.

ಇನ್ನು ಗಿಡ. 3000ದಿಂದ 4800 ಮೀಟರ್ ಎತ್ತರದ ಬಯಲು ಹುಲ್ಲುಗಾವಲು, ಹೊಳೆ–ತೊರೆಗಳ ಪಕ್ಕದ ಮರಳು ಮಣ್ಣು, ಇವೇ ಇದರ ಜಾಗ. ಹಿಮ ಕರಗಿ ಹರಿಯುವ ನೀರೇ ಬೀಜಗಳನ್ನು ಹೊತ್ತೊಯ್ಯುತ್ತದೆ. ದುಂಡನೆಯ ಹೂಗೊಂಚಲು ಇಲ್ಲದಿದ್ದರೆ ಪಕ್ಕದಲ್ಲೇ ನಿಂತರೂ ಹುಲ್ಲು ಅಂದುಕೊಳ್ಳುತ್ತೀರಿ, ಹಾಗಾಗಿ ಊರವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಚಳಿಗಾಲದಲ್ಲಿ ಹೋದರೆ ಊರೇ ಖಾಲಿ, ಎಲ್ಲರೂ ಕೆಳಗಿನ ಊರುಗಳಿಗೆ ಇಳಿದಿರುತ್ತಾರೆ.

ದಯವಿಟ್ಟು ಕೀಳಬೇಡಿ. ಎಲೆ, ಗೆಡ್ಡೆ ಎರಡನ್ನೂ ಮಸಾಲೆಗೆ ಕಿತ್ತು ಕಿತ್ತು ಕಾಡಿನ ಗಿಡಕ್ಕೆ ಕಷ್ಟ ಬಂದಿದೆ. ಬೇಕಿದ್ದರೆ ಹಿತ್ತಲಲ್ಲಿ ಬೆಳೆದವರ ಹತ್ತಿರ ಕೊಳ್ಳಿ, ಮೂಸಿ ನೋಡಿಯೇ ದುಡ್ಡು ಕೊಡಿ. ಮಲಾರಿ ದಾಟಿ ನೀತಿ ಕಡೆ ಹೋಗುವವರು ಗಡಿ ಪ್ರದೇಶದ ಅನುಮತಿ ಬಗ್ಗೆ ಜೋಶಿಮಠದ ಎಸ್‌ಡಿಎಂ (ಉಪವಿಭಾಗಾಧಿಕಾರಿ) ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ಆಧಾರ್ ಜೊತೆಗಿರಲಿ.