ಹೊಸ ಚೀಟಿಗೆ ಮುಂಚೆ ಹಳೇ ಚೀಟಿ

ಮುಂಬೈಗೆ ಬಂದು ಎಷ್ಟೋ ವರ್ಷವಾದರೂ ಮರಾಠಿ ತರಕಾರಿ ಅಂಗಡಿಯಿಂದಾಚೆ ಹೋಗಿಲ್ಲ ಅನ್ನುವ ಕನ್ನಡಿಗರು ಡೊಂಬಿವಲಿಯಲ್ಲೂ ಸಿಗುತ್ತಾರೆ, ಮೀರಾ ರೋಡಿನಲ್ಲೂ ಸಿಗುತ್ತಾರೆ. ಅವರಿಗೆ ಕಲಿಯುವ ಆಸೆ ಇಲ್ಲ ಅಂತಲ್ಲ. ಕಲಿತದ್ದನ್ನು ತಿರುಗಿ ಕೇಳಿಕೊಳ್ಳುವ ಅಭ್ಯಾಸ ಇಲ್ಲ, ಅಷ್ಟೇ. ಜರ್ಮನ್ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಾಯಿಪಾಠ ಮಾಡಿದ ಅರ್ಥವಿಲ್ಲದ ಅಕ್ಷರಗುಂಪುಗಳು ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಮರೆತುಹೋಗಿದ್ದವು. ಮರೆವು ಎಲ್ಲರಿಗೂ ಇದ್ದದ್ದೇ. ಅದರ ಜೊತೆ ಹೇಗೆ ಬಾಳಬೇಕು ಅನ್ನುವುದಷ್ಟೇ ಪ್ರಶ್ನೆ.

ಇದಕ್ಕೆ ಬೇಕಾದದ್ದು ಮೂರು ಲಕೋಟೆ, ಅಂಚೆಕಾರ್ಡಿನ ಅರ್ಧ ಅಳತೆಯ ದಪ್ಪ ಕಾಗದದ ಚೀಟಿಗಳು. ಚೀಟಿಯ ಒಂದು ಬದಿಗೆ ಮರಾಠಿ, ಇನ್ನೊಂದು ಬದಿಗೆ ಕನ್ನಡ. ಮೊದಲ ಲಕೋಟೆಯ ಚೀಟಿಗಳನ್ನು ದಿನಾ ನೋಡಬೇಕು, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ. ಉತ್ತರ ಸರಿಯಾದರೆ ಚೀಟಿ ಮುಂದಿನ ಲಕೋಟೆಗೆ ಹೋಗುತ್ತದೆ. ತಪ್ಪಿದರೆ ಎಲ್ಲಿದ್ದರೂ ಮೊದಲನೆಯದಕ್ಕೇ ವಾಪಸ್. ವಿಜ್ಞಾನ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಪ್ರಚಾರಕ್ಕೆ ತಂದ ಪೆಟ್ಟಿಗೆ ಪದ್ಧತಿಯನ್ನು ಕಿಸೆಗೆ ಹಿಡಿಸುವ ಹಾಗೆ ಮಾಡಿಕೊಂಡದ್ದಿದು. ಒಂದು ಕಟ್ಟುನಿಟ್ಟು ಇರಲಿ: ಚೀಟಿ ತಿರುಗಿಸುವ ಮುಂಚೆ ಉತ್ತರವನ್ನು ತುಟಿಯಲ್ಲಾದರೂ ಹೇಳಿರಬೇಕು. ತಿರುಗಿಸಿ ನೋಡಿ "ಹೌದು, ಗೊತ್ತಿತ್ತು" ಅಂದರೆ ಅದು ಗೊತ್ತಿದ್ದ ಲೆಕ್ಕವಲ್ಲ. ಹೆಚ್ಚಿನವರು ಸೋಲುವುದು ಇಲ್ಲೇ.

ಚೀಟಿ ಬರೆಯುವುದರಲ್ಲೂ ಎಚ್ಚರ ಬೇಕು. ಒಂದೇ ಪದ, ಒಂದೇ ಅರ್ಥ ಬರೆದಿಟ್ಟರೆ ಮರಾಠಿ ಕೈಕೊಡುತ್ತದೆ. 'ಪರವಾ' ಅಂದರೆ ಮೊನ್ನೆಯೂ ಹೌದು, ನಾಡಿದ್ದೂ ಹೌದು. 'ಪರವಾ ಆಲಾ' ಅಂದರೆ ಮೊನ್ನೆ ಬಂದ, 'ಪರವಾ ಯೇಯೀಲ' ಅಂದರೆ ನಾಡಿದ್ದು ಬರುತ್ತಾನೆ. ಹಾಗಾಗಿ ಈ ಪದಕ್ಕೆ ಎರಡು ಚೀಟಿ, ಎರಡರಲ್ಲೂ ಪೂರ್ತಿ ವಾಕ್ಯ. ನಮಗೆ ಪರಿಚಿತವೆನಿಸುವ ಪದಗಳು ಇನ್ನೂ ಮೋಸ ಮಾಡುತ್ತವೆ. ಮರಾಠಿಯಲ್ಲಿ 'ಖಾಲೀ' ಅಂದರೆ ಕೆಳಗೆ. ನಮ್ಮ ಖಾಲಿಗೆ ಅವರು 'ರಿಕಾಮಾ' ಅನ್ನುತ್ತಾರೆ. ಸ್ಟೇಷನ್ನಿನಲ್ಲಿ ಕೂಗುವ 'ಜಲದ್' ಲೋಕಲ್‌ಗೂ ನೀರಿಗೂ ಸಂಬಂಧವಿಲ್ಲ, ಅದು ಫಾಸ್ಟ್ ಗಾಡಿ. ಲಿಂಗವಂತೂ ನಮಗೆ ದೊಡ್ಡ ತೊಡಕು. ಕನ್ನಡದಲ್ಲಿ ಬಾಗಿಲು, ಕಿಟಕಿ, ಮನೆ ಮೂರೂ 'ಅದು'. ಅಲ್ಲಿ 'ತೋ ದರವಾಜಾ, ತೀ ಖಿಡಕೀ, ತೇ ಘರ', ಅಂದರೆ ಬಾಗಿಲು ಅವನು, ಕಿಟಕಿ ಅವಳು, ಮನೆ ಅದು. ಚೀಟಿಯಲ್ಲಿ ಬರೀ 'ದರವಾಜಾ' ಅಂತ ಬರೆಯಬೇಡಿ, 'ತೋ' ಸಮೇತ ಬರೆಯಿರಿ. ಆಮೇಲೆ ಸೇರಿಸುತ್ತೇನೆಂದರೆ ಅದು ನಾಲಿಗೆಗೆ ಅಂಟುವುದಿಲ್ಲ.

ದಿನಕ್ಕೆ ಐದು ಹೊಸ ಚೀಟಿ ಸಾಕು. ತಿಂಗಳಿಗೆ ನೂರೈವತ್ತಾಯಿತು, ಅದೇನು ಸಣ್ಣ ಗಂಟಲ್ಲ. ಮೊದಲ ವಾರದ ಹುರುಪಿಗೆ ಇಪ್ಪತ್ತು ಬರೆದರೆ ಮೊದಲ ಲಕೋಟೆ ಉಬ್ಬಿ, ಅದನ್ನು ಮುಗಿಸಲಾಗದೆ ಹತ್ತನೇ ದಿನಕ್ಕೆ ಎಲ್ಲವೂ ಡ್ರಾಯರ್ ಸೇರುತ್ತದೆ. ಗಣಪತಿ ಹಬ್ಬಕ್ಕೆ ಊರಿಗೆ ಹೋಗಿ ವಾರ ತಪ್ಪಿತೇ? ಹಳೇ ಬಾಕಿ ತೀರುವವರೆಗೆ ಒಂದೂ ಹೊಸ ಚೀಟಿ ಬೇಡ. ಈ ನಿಯಮವೊಂದನ್ನು ಪಾಲಿಸದಿದ್ದರೆ ಉಳಿದದ್ದೆಲ್ಲ ವ್ಯರ್ಥ ಅಂತಲೇ ನನ್ನ ಅಭಿಪ್ರಾಯ.

ಹೊತ್ತೆಲ್ಲಿದೆ ಅನ್ನುವವರಿಗೆ ಲೋಕಲ್ ಇದೆ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಫಾಸ್ಟ್ ಗಾಡಿಯಲ್ಲೂ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಆದರೆ ಬೆಳಗಿನ ನೂಕುನುಗ್ಗಲಲ್ಲಿ ಚೀಟಿ ತೆಗೆಯಬೇಡಿ, ಬಾಗಿಲ ಬಳಿಯಂತೂ ಬೇಡವೇ ಬೇಡ. ಹಿಡಿಕೆ ಹಿಡಿದು ನಿಂತಲ್ಲೇ ನಿನ್ನೆಯ ಐದನ್ನು ಮನಸ್ಸಿನಲ್ಲೇ ನೆನಪಿಸಿಕೊಳ್ಳಿ. ಯಾವುದು ನೆನಪಾಗಲಿಲ್ಲವೋ ಅದರ ಚೀಟಿಯ ಮೂಲೆಯನ್ನು ರಾತ್ರಿ ಮಡಚಿಡಿ. ಮೂರು ಸಲ ಮಡಚಿದ ಚೀಟಿಯನ್ನು ಹರಿದುಹಾಕಿ ಬೇರೆ ವಾಕ್ಯದಲ್ಲಿ ಹೊಸದಾಗಿ ಬರೆಯಬೇಕು. ತಪ್ಪು ಹೆಚ್ಚಾಗಿ ಚೀಟಿಯದೇ ಆಗಿರುತ್ತದೆ.