ಜೀವ ಹ್ಯಾಂಗದ?

ಲಕ್ವಾ ಹೊಡೆದು ಅಪ್ಪ ಎರಡು ವರ್ಷ ಹಾಸಿಗೆ ಹಿಡಿದಿದ್ದರು. ಅವರನ್ನು ಮಣ್ಣು ಮಾಡಿ ಬಂದ ಮೇಲೆ ನಾನು ಚರ್ಚಿಗೆ ಹೋಗುವುದನ್ನೇ ಬಿಟ್ಟೆ. ದೇವರ ಮೇಲೆ ಸಿಟ್ಟೇನೂ ಇರಲಿಲ್ಲ. ಭಾನುವಾರ ಎದ್ದು ಅಂಗಿ ಹಾಕಿಕೊಳ್ಳುವಷ್ಟೂ ತ್ರಾಣ ಇರುತ್ತಿರಲಿಲ್ಲ, ಅಷ್ಟೇ. ರಾತ್ರಿ ಮೂರಕ್ಕೆ ತಾನಾಗಿಯೇ ಎಚ್ಚರ. ಅಪ್ಪನನ್ನು ಮಗ್ಗುಲು ಹೊರಳಿಸುವ ಹೊತ್ತು ಅದು. ಮಂಚ ಖಾಲಿ, ಆದರೂ ಕೈ ಮುಂದೆ ಹೋಗುತ್ತಿತ್ತು.

ಐದನೇ ವಾರ, ಬುಧವಾರ ಸಂಜೆ, ನಮ್ಮ ಸಭೆಯ ಆಯಿ ಒಬ್ಬರು ಬೀದರಿನ ಮಂಗಲಪೇಟೆಯಿಂದ ನಡೆದುಕೊಂಡು ಮನೆಗೆ ಬಂದರು. ಎಪ್ಪತ್ತು ದಾಟಿದ ಜೀವ. ಯಾಕೆ ಬರುತ್ತಿಲ್ಲ ಅಂತ ಕೇಳಲಿಲ್ಲ. ಕಟ್ಟೆ ಮೇಲೆ ಕೂತು, ಸೆರಗಿನಿಂದ ಮುಖ ಒರೆಸಿಕೊಂಡು, "ತಮ್ಮಾ, ಜೀವ ಹ್ಯಾಂಗದ?" ಎಂದರು.

ನಮ್ಮ ಕಡೆ ದಿನಾ ಕೇಳುವ ಮಾತೇ. ಅವತ್ತು ಉತ್ತರದ ಬದಲು ಅಳು ಬಂತು.

ಮೆಥೋಡಿಸ್ಟ್ ಪಂಗಡದ ಕ್ರೈಸ್ತರಲ್ಲಿ ಹೀಗೆ ಮನೆಗೆ ಬಂದು ವಿಚಾರಿಸುವುದು ಹಳೆಯ ರೂಢಿ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾ ಮನೆ ಕಟ್ಟಿದ ಸಾಲ ತೀರಿಸಲು 12 ಜನರ ಗುಂಪುಗಳನ್ನು ಮಾಡಿದರು. ಒಬ್ಬರು ವಾರಕ್ಕೊಮ್ಮೆ ಮನೆಮನೆಗೆ ಹೋಗಿ ತಲೆಗೊಂದು ಪೆನ್ನಿ ಕೂಡಿಸಬೇಕು. ಹಾಗೆ ಹೋದಾಗ ಒಳಗಿನ ಕಷ್ಟವೂ ಕಣ್ಣಿಗೆ ಬಿತ್ತು. ಪಂಗಡ ಕಟ್ಟಿದ ಜಾನ್ ವೆಸ್ಲಿ ಅದನ್ನೇ ಹಿಡಿದುಕೊಂಡರು. ಪ್ರತಿ ವಾರ ಒಬ್ಬೊಬ್ಬರನ್ನೂ ಕಂಡು ಆತ್ಮ ಹೇಗಿದೆ ಎಂದು ಕೇಳುವುದು ದೊಡ್ಡ ಕೆಲಸವಾಯಿತು. ಆಯಿ ಮಾಡಿದ್ದೂ ಅದನ್ನೇ ಅಲ್ವಾ?

ಅವತ್ತೇ ಅವರ ಹಿಂದೆ ಮನೆ ಪ್ರಾರ್ಥನೆಗೆ ಹೋದೆ. ಚಾಪೆ ಮೇಲೆ ಹದಿನೈದು ಜನ. ಕನ್ನಡದ ಹಾಡು, ನಡುವೆ ತೆಲುಗು, ಹಿಂದಿ. ಪಾಸ್ಟರ್ ಮತ್ತಾಯನ ಸುವಾರ್ತೆಯ 11ನೇ ಅಧ್ಯಾಯ ಓದಿದರು. ಹೊರೆ ಹೊತ್ತವರೆಲ್ಲ ನನ್ನ ಬಳಿಗೆ ಬನ್ನಿ, ವಿಶ್ರಾಂತಿ ಕೊಡುವೆನು. ಚಿಕ್ಕಂದಿನಿಂದ ಕೇಳಿದ ವಾಕ್ಯ. ಆದರೆ ಯೇಸು ಆ ಮಾತಿನ ಬೆನ್ನಿಗೇ ನನ್ನ ನೊಗ ಹೊತ್ತುಕೊಳ್ಳಿ ಅನ್ನುತ್ತಾರೆ. ದಣಿದವನಿಗೆ ಮತ್ತೆ ನೊಗ ಯಾಕೆ? ಬಾಯಿಬಿಟ್ಟೇ ಕೇಳಿದೆ.

ಪಾಸ್ಟರ್‌ಗಿಂತ ಮೊದಲು ಆಯಿ ಮಾತಾಡಿದರು. "ಹೊಸ ಹೋರಿಗಿ ಒಂದಕ್ಕೇ ನೊಗ ಕಟ್ತಾರೇನೋ ತಮ್ಮಾ? ಹಳೀ ಎತ್ತಿನ ಜೋಡಿ ಕಟ್ತಾರ. ಭಾರ ಅದು ಎಳೀತದ. ಹೋರಿ ಸುಮ್ನ ಸಂಗಟ ನಡೀಬೇಕು."

ಭಾಲ್ಕಿ ಕಡೆಯ ನಮ್ಮ ಹೊಲದಲ್ಲಿ ಅಪ್ಪ ಹೋರಿ ಪಳಗಿಸಿದ್ದೂ ಹೀಗೇ. ನಾನು ನೋಡಿದ್ದೆ, ಮರೆತಿದ್ದೆ. ಎರಡು ವರ್ಷ ಒಬ್ಬನೇ ಎಳೆದಿದ್ದೆ. ಸಭೆಯವರು ಬಂದಾಗೆಲ್ಲ ಚಹಾ ಕೊಟ್ಟು, ಎಲ್ಲಾ ಆರಾಮ ಎಂದು ಹೇಳಿ ಕಳಿಸುತ್ತಿದ್ದೆ. ಒಂದು ರಾತ್ರಿ ನೀವು ಕೂತ್ಕೊಳ್ಳಿ, ನಾನು ಮಲಗುತ್ತೇನೆ ಅಂದಿದ್ದರೆ ಇವರಲ್ಲಿ ಯಾರು ಬೇಡ ಅನ್ನುತ್ತಿದ್ದರು?

ಪಾಸ್ಟರ್ ಮುಂದಿನ ಸಾಲು ಓದಿದರು. ಹೊರೆಯು ಹೌರವಾದದ್ದು. ಹೌರ ಅಂದರೆ ಹಗುರ; ನಮ್ಮ ಹಳೆಯ ಬೈಬಲಿನಲ್ಲಿ ಹೌರ ಅಂತಲೇ ಇದೆ. ಹೊರಳಿಸುವಾಗ ಅಪ್ಪ ಸೊಟ್ಟಗಾದ ಬಾಯಿಂದ ಹೇಳುತ್ತಿದ್ದ ಮಾತು, "ಹೌರಗ, ಹೌರಗ."

ಎಲ್ಲರೂ ಒಟ್ಟಿಗೆ ದನಿಯೆತ್ತಿ ಪ್ರಾರ್ಥಿಸಿದರು. ನನ್ನ ಬೆನ್ನ ಮೇಲೆ ಎಷ್ಟು ಕೈಗಳಿದ್ದವೋ ಗೊತ್ತಿಲ್ಲ. ಆಮೇಲೆ ಸುಸಲಾ ತಿಂದೆವು, ಚಹಾ ಕುಡಿದೆವು. ಒಬ್ಬರು ಬೈಕಿನಲ್ಲಿ ಮನೆ ತನಕ ಬಿಟ್ಟರು.

ಮೂರಕ್ಕೆ ಎಚ್ಚರವಾಯಿತು. ಕೈ ಮುಂದೆ ಹೋಯಿತು. ಅದನ್ನು ಎದೆ ಮೇಲೆ ಇಟ್ಟುಕೊಂಡು, "ಪ್ರಭುವೇ, ನೀವು ಎಳೆಯಿರಿ" ಎಂದೆ. ಮತ್ತೆ ಕಣ್ಣು ಬಿಟ್ಟದ್ದು ಹಾಲಿನವನು ಬಾಗಿಲು ಬಡಿದಾಗ.