ಸೆಮಿನರಿಗೆ ಅರ್ಜಿ ಹಾಕುವ ಮೊದಲು ನಾನು ಕೇಳದೇ ಬಿಟ್ಟ ಪ್ರಶ್ನೆ

ನಮ್ಮ ಕ್ರೈಸ್ತ ಸಭೆಯ ಹುಡುಗನೊಬ್ಬ ಹೋದ ವಾರ ಫೋನ್ ಮಾಡಿದ್ದ. "ಅಣ್ಣಾ, ಯಾವ ಸೆಮಿನರಿ ಒಳ್ಳೇದು?" ಸೆಮಿನರಿ ಅಂದರೆ ಸಭಾಪಾಲಕರನ್ನು (ಪಾಸ್ಟರ್), ಗುರುಗಳನ್ನು ತಯಾರು ಮಾಡುವ ಶಾಲೆ. ಎಲ್ಲರೂ ಕೇಳುವುದು ಈ ಪ್ರಶ್ನೆಯನ್ನೇ. ನಾನೂ ಇದನ್ನೇ ಕೇಳಿದ್ದೆ, ಎಡವಿದ್ದೂ ಅಲ್ಲೇ.

ಆದದ್ದು ಇಷ್ಟು. ದೇವರು ಸೇವೆಗೆ ಕರೆದಿದ್ದಾನೆ ಅನ್ನುವುದರಲ್ಲಿ ನನಗೆ ಅನುಮಾನ ಇರಲಿಲ್ಲ. ಆ ಹುರುಪಿನಲ್ಲೇ ಒಂದು ಸೆಮಿನರಿ ಹುಡುಕಿದೆ, ಪ್ರಾರ್ಥನೆ ಮಾಡಿದೆ, ಅರ್ಜಿ ಹಾಕಿದೆ, ಸೀಟು ಸಿಕ್ಕಿತು, ಹೊರಟೇಬಿಟ್ಟೆ. ಒಂದು ವರ್ಷ ಓದಿ ರಜೆಗೆ ಬಂದಾಗ ಸಭೆಯ ಹಿರಿಯರೊಬ್ಬರು ತಣ್ಣಗೆ ಕೇಳಿದರು, "ಆ ಡಿಗ್ರಿಗೆ ನಮ್ಮಲ್ಲಿ ದೀಕ್ಷೆ ಕೊಡಲ್ಲ, ಗೊತ್ತಲ್ವಾ?" ಗೊತ್ತಿರಲಿಲ್ಲ. ದೀಕ್ಷೆ, ಅಂದರೆ ಸಭಾಪಾಲಕನಾಗಿ ನೇಮಿಸುವುದರ ಬಗ್ಗೆ ಸೆಮಿನರಿಯವರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಬೇರೆ ಕಡೆ ಸೇರಿಕೊಂಡಾಗ ಹಳೆಯ ಓದಿನಲ್ಲಿ ಎರಡೇ ವಿಷಯ ಲೆಕ್ಕಕ್ಕೆ ಬಂದವು. ಒಂದು ವರ್ಷ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು.

ಸೆಮಿನರಿ ಅನ್ನುವ ಪದ ಬಂದದ್ದು ಲ್ಯಾಟಿನ್ನಿನ ಸೆಮಿನಾರಿಯುಮ್‌ನಿಂದ. ಅಂದರೆ ಸಸಿಮಡಿ. 1563ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ, ಬಿಷಪ್ಪರು ತಮ್ಮ ತಮ್ಮ ಕಡೆ ಗುರುಗಳನ್ನು ಬೆಳೆಸಲು ಇಂಥ ಶಾಲೆ ನಡೆಸಬೇಕು ಅಂತ ತೀರ್ಮಾನ ಮಾಡಿದ ಮೇಲೆ ಈ ಹೆಸರು ಗಟ್ಟಿಯಾಯಿತು. ಸಸಿಮಡಿಯಲ್ಲಿ ಯಾವ ಗಿಡವೂ ಕೊನೆಯವರೆಗೆ ಇರುವುದಿಲ್ಲ, ಕಿತ್ತು ಬೇರೆ ಕಡೆ ನೆಡಬೇಕು. ಮಡಿ ಹಾಕುವವನು ಮೊದಲು ನೋಡುವುದು ಗದ್ದೆಯನ್ನು. ನಾನು ಗದ್ದೆ ನೋಡದೇ ಮಡಿ ಹಾಕಿದ್ದೆ.

ಅದಕ್ಕೇ ಹುಡುಗನಿಗೆ ಹೇಳಿದೆ, ಸೆಮಿನರಿಯ ವೆಬ್‌ಸೈಟ್ ಮುಚ್ಚಿಡು. ಓದು ಮುಗಿದ ಮೇಲೆ ಏನಾಗಬೇಕು ನೀನು? ಸಭಾಪಾಲಕನಾ, ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಕೂತು ಪ್ರಾರ್ಥಿಸುವ ಚಾಪ್ಲೇನಾ, ಪಾಠ ಹೇಳುವವನಾ? ಮುಂದೆ ದೀಕ್ಷೆ ಕೊಡುವವರು ಯಾರೋ ಅವರ ಹತ್ತಿರ ಮೊದಲು ಹೋಗು. ಯಾವ ಡಿಗ್ರಿ ಬೇಕು, ಯಾರ ಮಾನ್ಯತೆ ಇರಬೇಕು, ಆನ್‌ಲೈನ್‌ನಲ್ಲಿ ಓದಿದರೆ ನಡೆಯುತ್ತಾ ಅಂತ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತಗೋ. ಬಾಯಿಮಾತು ಬೇಡ. ಒಂದೊಂದು ಸಭೆಯ ದಾರಿ ಒಂದೊಂದು ಥರ. ಕಥೋಲಿಕರಲ್ಲಿ ಗುರುವಾಗಬೇಕು ಅನ್ನುವವನು ಸೆಮಿನರಿಯನ್ನು ತಾನಾಗಿ ಆರಿಸಿಕೊಳ್ಳುವುದು ಕಡಿಮೆ. ಬಿಷಪ್ಪರೋ, ಅವನು ಸೇರಿದ ಧಾರ್ಮಿಕ ಸಂಘವೋ ಕಳಿಸಿದಲ್ಲಿಗೆ ಹೋಗುತ್ತಾನೆ. ಅಲ್ಲಿ ತತ್ವಶಾಸ್ತ್ರಕ್ಕೆ 2, ದೈವಶಾಸ್ತ್ರಕ್ಕೆ 4, ಒಟ್ಟು 6 ವರ್ಷಕ್ಕೆ ಕಡಿಮೆ ಇಲ್ಲ. ಪ್ರೊಟೆಸ್ಟೆಂಟರ ಎಂ.ಡಿವ್. (ಮಾಸ್ಟರ್ ಆಫ್ ಡಿವಿನಿಟಿ) ಓದು, ಮೊದಲ ಡಿಗ್ರಿ ಆದ ಮೇಲೆ, ಸಾಮಾನ್ಯವಾಗಿ 3 ವರ್ಷ. ಸೆಮಿನರಿಯೇ ಬೇಡ ಅನ್ನುವ ಸಭೆಗಳೂ ಇವೆ.

ಅಂಥವರು ಯಾವಾಗಲೂ ಕೇಳುವುದು, "ಪೇತ್ರ ಯಾವ ಸೆಮಿನರಿಗೆ ಹೋಗಿದ್ದ?" ಸರಿ, ಯೇಸುವಿನ ಶಿಷ್ಯ ಪೇತ್ರ ಮೀನು ಹಿಡಿಯುವವನು. ಆದರೆ ಅವನು ಯೇಸುವಿನ ಜೊತೆ ಹಗಲೂ ರಾತ್ರಿ ತಿರುಗಾಡಿದನಲ್ಲ, ಅದಕ್ಕಿಂತ ದೊಡ್ಡ ಕ್ಲಾಸು ಬೇಕಾ? ಸುವಾರ್ತೆ ಸಾರಿದ ಪೌಲನಂತೂ ಗಮಲಿಯೇಲ ಅನ್ನುವ ಯೆಹೂದ್ಯ ಧರ್ಮಗುರುವಿನ ಹತ್ತಿರ ಕಲಿತವನು. ಇನ್ನು ಕೆಲವರಿಗೆ, ಲೆಕ್ಕ ಹಾಕುವುದೇ ನಂಬಿಕೆ ಸಾಲದ ಗುರುತು. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಡವೇ ಅಂತ ಲೂಕ 14ರಲ್ಲಿ ಕೇಳಿದ್ದು ಯೇಸುವೇ. ಫೀಸು, ಮನೆಯವರ ಜವಾಬ್ದಾರಿ, ಸಾಲ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಮನೆಯವರ ಮುಂದಿಡಿ.

ಇಷ್ಟಾದ ಮೇಲೂ ಎರಡು ಮೂರು ಸೆಮಿನರಿ ಉಳಿದರೆ ಹೋಗಿ ನೋಡಿ. ಪ್ರಾಂಶುಪಾಲರು ಒಳ್ಳೆಯ ಮಾತನ್ನೇ ಆಡುತ್ತಾರೆ. ಎರಡನೇ ವರ್ಷದ ವಿದ್ಯಾರ್ಥಿಯನ್ನು ಹಿಡಿಯಿರಿ. ಅವನ ಹುರುಪು ಇಳಿದಿರುತ್ತದೆ, ಹೊರಡುವ ಅವಸರ ಇನ್ನೂ ಬಂದಿರುವುದಿಲ್ಲ, ನಿಜ ಹೇಳುತ್ತಾನೆ. ಪಾಠ ಮಾಡುವವರಲ್ಲಿ ಎಷ್ಟು ಜನ ಸಭೆ ನಡೆಸಿದ್ದಾರೆ, ಸಾವಾದ ಮನೆಯಲ್ಲಿ ಹೋಗಿ ಕೂತಿದ್ದಾರೆ, ಅದನ್ನೂ ಕೇಳಿ. ತಾವು ಏನನ್ನು ನಂಬುತ್ತೇವೆ ಅಂತ ಬರೆದ ವಿಶ್ವಾಸದ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವ ಕಡೆ ಅದನ್ನು ಪೂರ್ತಿ ಓದಿ. ಸುಮ್ನೆ ಸಹಿ ಹಾಕಬೇಡಿ.

ತಯಾರಿ ಅಂದರೆ ಎಲ್ಲರೂ ದೈವಶಾಸ್ತ್ರದ ದಪ್ಪ ಪುಸ್ತಕ ತೆರೆಯುತ್ತಾರೆ. ನನ್ನನ್ನು ಕೇಳಿದರೆ ಬೈಬಲ್ ಬರೆದ ಗ್ರೀಕ್, ಹೀಬ್ರೂ ಭಾಷೆಗಳ ಅಕ್ಷರ ಕಲಿಯಿರಿ. ಗ್ರೀಕ್‌ಗೆ 24, ಹೀಬ್ರೂಗೆ 22. ಹೀಬ್ರೂ ಬಲದಿಂದ ಎಡಕ್ಕೆ ಓಡುತ್ತದೆ, ಮೂಲದಲ್ಲಿ ಬರೀ ವ್ಯಂಜನ, ಸ್ವರದ ಚುಕ್ಕಿಗಳನ್ನು ಎಷ್ಟೋ ಕಾಲದ ಮೇಲೆ ಸೇರಿಸಿದರು. ನನಗೆ ತಲೆ ಕೆಡಿಸಿದ್ದು ದಾಲೆತ್ ಮತ್ತು ರೇಶ್ ಅನ್ನುವ ಎರಡು ಅಕ್ಷರ. ಎರಡೂ ಒಂದು ಅಡ್ಡ ಗೆರೆ, ಬಲಕ್ಕೆ ಒಂದು ಇಳಿ ಗೆರೆ. ದಾಲೆತ್‌ನ ಮೂಲೆ ಚೂಪು, ರೇಶ್‌ನ ಮೂಲೆ ಗುಂಡಗೆ, ಅಷ್ಟೇ. ನಮ್ಮ ಪ ಮತ್ತು ಷ ಇದ್ದ ಹಾಗೆ, ಒಂದು ಗೀಟು ಅತ್ತಿತ್ತ ಆದರೆ ಪದವೇ ಬೇರೆ. ಬೈಬಲ್ಲಿನ ಧರ್ಮೋಪದೇಶಕಾಂಡ 6:4ರಲ್ಲಿ ದೇವರು ಒಬ್ಬನೇ ಅನ್ನುವ ಕಡೆ 'ಎಹಾದ್' ಅನ್ನುವ ಪದ ಇದೆ. ಕೊನೆಯ ದಾಲೆತ್ ರೇಶ್ ಆಗಿ ಕಂಡರೆ ಅದನ್ನು 'ಅಹೇರ್', ಅಂದರೆ ಬೇರೊಬ್ಬ, ಅಂತ ಓದಿಬಿಡಬಹುದು! ಯೆಹೂದ್ಯರ ಸುರುಳಿಗಳಲ್ಲಿ ಆ ದಾಲೆತ್ ಅನ್ನು ದೊಡ್ಡದಾಗಿ ಬರೆಯುತ್ತಾರೆ. ಅದನ್ನು ನೋಡಿದ ದಿನ ನಾನು ಓದುವ ರೀತಿಯೇ ನಿಧಾನವಾಯಿತು. ದಿನಕ್ಕೆ ಹತ್ತು ನಿಮಿಷ, ಮೂರು ತಿಂಗಳು ಸಾಕು. ಕ್ಲಾಸಿನಲ್ಲಿ ಉಳಿದವರು ಅಕ್ಷರಕ್ಕೆ ತಡಕಾಡುವಾಗ ನೀವು ಅರ್ಥ ಯೋಚಿಸುತ್ತಿರುತ್ತೀರಿ.

ಇನ್ನೊಂದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಿರಬೇಕು. ಮೊದಲ ವರ್ಷ ಒಂದಲ್ಲ ಒಂದು ದಿನ ಕಾಲಡಿಯ ನೆಲ ಅಲ್ಲಾಡುತ್ತದೆ. ನನಗೆ ಅದು, ಯೇಸುವಿನ ಬದುಕು ಹೇಳುವ ಮಾರ್ಕನ ಸುವಾರ್ತೆಯ 16ನೇ ಅಧ್ಯಾಯ. ಬೈಬಲ್ಲಿನ ಗ್ರೀಕ್ ಹಸ್ತಪ್ರತಿಗಳಾದ, ನಾಲ್ಕನೇ ಶತಮಾನದ ಸಿನಾಯ್ಟಿಕಸ್, ವ್ಯಾಟಿಕಾನಸ್ ಎರಡರಲ್ಲೂ ಆ ಸುವಾರ್ತೆ 8ನೇ ವಚನಕ್ಕೇ ನಿಂತುಬಿಡುತ್ತದೆ. ಯೇಸುವಿನ ಸಮಾಧಿಗೆ ಹೋಗಿದ್ದ ಹೆಂಗಸರು ಹೆದರಿ ಓಡಿದರು, ಮುಗೀತು. ಮುಂದಿನ 12 ವಚನಗಳ ಮೇಲೆ ನಾನು ಊರೆಲ್ಲ ಪ್ರಸಂಗ ಮಾಡಿದವನು. ಆವತ್ತು ರಾತ್ರಿ ಊಟ ಸೇರಲಿಲ್ಲ. ಮಾರನೇ ದಿನ ಕೊಟ್ಟ ಪಾಠವನ್ನು ಬಿಟ್ಟು, ಮಾರ್ಕನನ್ನು ಮೊದಲಿಂದ 8ನೇ ವಚನದವರೆಗೆ ಒಂದೇ ಸಲಕ್ಕೆ ಓದಿ ನಿಲ್ಲಿಸಿದೆ. ಆ ಹೆಂಗಸರ ಭಯ ಅಷ್ಟು ಹತ್ತಿರದಿಂದ ನನಗೆ ಯಾವತ್ತೂ ಕಂಡಿರಲಿಲ್ಲ.

ಹುಡುಗ ನಿನ್ನೆ ಮತ್ತೆ ಫೋನ್ ಮಾಡಿದ್ದ. ಹಿರಿಯರನ್ನು ಇನ್ನೂ ಕೇಳಿಲ್ಲವಂತೆ, ಮುಜುಗರವಂತೆ. ಭಾನುವಾರ ಆರಾಧನೆ ಮುಗಿದ ಮೇಲೆ ಅವನನ್ನು ನಾನೇ ಕರೆದುಕೊಂಡು ಹೋಗುತ್ತೇನೆ.